ಸಾಹುಕಾರರ ಕಾರಿಗೆ ಸ್ಪೀಕರ್ ಕೂಡಿಸಿದವರು

ಬೆಟಗೇರಿಯ ಹಿರಿಯರೊಬ್ಬರು ತೀರಿಕೊಂಡ ಸುದ್ದಿ ಕಳೆದ ತಿಂಗಳು ನಮ್ಮ ಪತ್ರಿಕೆಗೆ ಬಂತು. ಹೊಸ ವರದಿಗಾರ "ಹಿರಿಯ ನೇಕಾರ ನಿಧನ" ಎಂದು ತಲೆಬರಹ ಕೊಟ್ಟಿದ್ದ. ನಿವೃತ್ತನಾದ ಮೇಲೂ ಗದಗ ಕಡೆಯ ಹಳಬರ ವಿಷಯ ಬಂದರೆ ಕಚೇರಿಯವರು ನನ್ನನ್ನು ಒಂದು ಮಾತು ಕೇಳುತ್ತಾರೆ. ನೇಕಾರ ಎಂಬುದನ್ನು ತೆಗೆದು ಧ್ವನಿವರ್ಧಕದವರು ಎಂದು ಹಾಕಲು ಹೇಳಿದೆ. ಅವರು ನೇಕಾರರ ಮನೆಯಲ್ಲಿ ಹುಟ್ಟಿದ್ದು ನಿಜ. ಆದರೆ ಮಗ್ಗಕ್ಕೆ ಮರಳಿ ಕೂರಬಾರದೆಂದು ಅವರು ಪಟ್ಟ ಪಾಡನ್ನು ನಾನು ಕಂಡಿದ್ದೆ. ಬದುಕಿದ್ದಾಗ ತಪ್ಪಿಸಿಕೊಂಡವರನ್ನು ಸತ್ತ ಮೇಲೆ ಪತ್ರಿಕೆಯವರು ಹಿಡಿದು ಅಲ್ಲಿಯೇ ಕೂರಿಸುವುದು ಸರಿಯಲ್ಲ.

ಇಲ್ಲಿ ಅವರ ಹೆಸರು ಬರೆಯುತ್ತಿಲ್ಲ. ಈ ಬರಹದಲ್ಲಿ ಒಬ್ಬ ಸಾಹುಕಾರರೂ ಬರುತ್ತಾರೆ. ಅವರ ಮನೆತನ ಇಂದಿಗೂ ವ್ಯಾಪಾರದಲ್ಲಿದೆ. ಒಬ್ಬರ ಹೆಸರು ಹೇಳಿದರೆ ಇನ್ನೊಬ್ಬರದು ಗದಗಿನಲ್ಲಿ ತಾನಾಗಿ ಗೊತ್ತಾಗುತ್ತದೆ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಇಲ್ಲಿಯೂ ಅದೇ ಇರಲಿ.

ಏಕೀಕರಣಕ್ಕೆ ಮುಂಚಿನ ವರ್ಷಗಳು. ಗದಗ ಆಗ ಮುಂಬಯಿ ರಾಜ್ಯದಲ್ಲಿತ್ತು. ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ನಾನು ಗದಗಿನಿಂದ ಸುದ್ದಿ ಕಳಿಸುತ್ತಿದ್ದೆ. ಕನ್ನಡ ನಾಡು ಒಂದಾಗಬೇಕೆಂದು ಊರೂರಿನಲ್ಲಿ ಸಭೆ ನಡೆಯುತ್ತಿದ್ದವು. ಸಭೆಗೆ ಧ್ವನಿವರ್ಧಕ ಬೇಕು, ಧ್ವನಿವರ್ಧಕಕ್ಕೆ ಕಾಕಾ ಬೇಕು. ಎರಡು ದೊಡ್ಡ ಕಹಳೆ, ಒಂದು ಆಂಪ್ಲಿಫೈಯರ್, ಒಂದು ಮೈಕು, ಎರಡು ಬ್ಯಾಟರಿ. ಇಷ್ಟನ್ನು ಬಾಡಿಗೆಯ ಚಕ್ಕಡಿಯಲ್ಲಿ ಹೇರಿಕೊಂಡು ಅವರು ತಿರುಗುತ್ತಿದ್ದರು. ಚಕ್ಕಡಿ ಕುಲುಕಿ ಬ್ಯಾಟರಿಯ ಆಸಿಡ್ ಚೆಲ್ಲಿ ಅವರ ಧೋತರಗಳಿಗೆಲ್ಲ ತೂತು ಬಿದ್ದಿದ್ದವು. ನೇಕಾರರ ಮನೆಯವರಾಗಿ ತೂತಿನ ಧೋತರ ಉಟ್ಟು ತಿರುಗುತ್ತಾರೆಂದು ಓಣಿಯಲ್ಲಿ ಒಂದು ನಗೆ ಇತ್ತು.

ದನಿಯ ವ್ಯವಹಾರ ಮಾಡುವ ಈ ಮನುಷ್ಯ ಎದುರಿಗೆ ಕೂತರೆ ಬಹಳ ಮೆಲ್ಲಗೆ ಮಾತಾಡುತ್ತಿದ್ದರು. ಕೇಳಬೇಕೆಂದರೆ ನಾವು ಬಾಗಬೇಕು. ಯಾಕೆ ಕಾಕಾ ಎಂದರೆ, ಒದರುವುದಕ್ಕೆ ಮಶೀನು ಇಟ್ಟ ಮೇಲೆ ತಾವೂ ಒದರುವುದೇಕೆ ಎನ್ನುತ್ತಿದ್ದರು. ಮೈಕು ಪರೀಕ್ಷೆ ಮಾಡುವಾಗ ಎಲ್ಲರಂತೆ ಹಲೋ ಎನ್ನುತ್ತಿರಲಿಲ್ಲ. "ಅವ್ವಾ, ಕೇಳಸ್ತೈತೇನ?" ಎನ್ನುತ್ತಿದ್ದರು. ಅವರ ತಾಯಿ ಬೆಟಗೇರಿಯ ಮನೆಯಲ್ಲಿ ಲಾಳಿಗೆ ನೂಲು ಸುತ್ತುತ್ತ ಕೂತಿರುತ್ತಿದ್ದರು. ಆದರೆ ಯಾವ ಊರಿನಲ್ಲೇ ಆಗಲಿ, ಜನರ ನಡುವಿನಿಂದ ಯಾವುದಾದರೂ ಮುದುಕಿ "ಕೇಳಸ್ತೈತೋ ನಮ್ಮಪ್ಪಾ" ಎಂದು ಉತ್ತರ ಕೊಡುತ್ತಿದ್ದಳು. ಆ ಉತ್ತರ ಬಂದ ಮೇಲೆಯೇ ಸಭೆ ಶುರು.

ಅವರ ಆಂಪ್ಲಿಫೈಯರ್‌ಗೆ ದನಿ ಏರಿಸುವ ಗುಂಡಿ ಎರಡಿದ್ದವು. ಒಂದು ನಿಜವಾದದ್ದು. ಇನ್ನೊಂದಕ್ಕೆ ಒಳಗೆ ಯಾವ ತಂತಿಯೂ ಇರಲಿಲ್ಲ. ಭಾಷಣದ ನಡುವೆ ತಿರುಗಿ "ಜೋರು ಮಾಡೋ" ಎಂದು ಗದರುವ ಮುಖಂಡರಿಗಾಗಿ ಅದನ್ನು ಇಟ್ಟಿದ್ದರು. ಕಾಕಾ ಗಂಭೀರವಾಗಿ ಆ ಗುಂಡಿಯನ್ನು ತಿರುಗಿಸುತ್ತಿದ್ದರು, ಮುಖಂಡರು ಸಮಾಧಾನದಿಂದ ತಲೆ ಆಡಿಸಿ ಮುಂದುವರಿಯುತ್ತಿದ್ದರು. ಅವರಲ್ಲಿ ಕೆಲವರು ಮುಂದೆ ದೊಡ್ಡ ಹುದ್ದೆಗಳಿಗೆ ಹೋದರು.

ಒಮ್ಮೆ ಕೊರ್ಲಹಳ್ಳಿಯಲ್ಲಿ ಸಭೆ. ತುಂಗಭದ್ರೆಯ ಆಚೆ ದಡ ಆಗ ಮದ್ರಾಸ್ ರಾಜ್ಯಕ್ಕೆ ಸೇರಿತ್ತು. ಕಾಕಾ ಒಂದು ಕಹಳೆಯನ್ನು ನದಿಯ ಕಡೆಗೆ ತಿರುಗಿಸಿ ಕಟ್ಟಿದರು. ಕಾವಲಿಗೆ ಬಂದ ಪೊಲೀಸಿನವನು, ಪರವಾನಗಿ ಇರುವುದು ಈ ದಡಕ್ಕೆ ಮಾತ್ರ ಎಂದು ತಕರಾರು ತೆಗೆದ. "ಸ್ಪೀಕರ್ ಈ ದಡದಾಗ ಐತ್ರಿ. ದನಿ ಈಜಿಕೊಂಡು ಹೋದ್ರ ನಾ ಏನ ಮಾಡ್ಲಿ? ಆ ಕಡೆ ಪೊಲೀಸ್ರಿಗೆ ಹೇಳ್ರಿ, ಬೇಕಾದ್ರ ಹಿಡಕೊಳ್ಳಲಿ" ಎಂದರು ಕಾಕಾ. ಪೊಲೀಸಿನವನು ಸ್ವಲ್ಪ ಹೊತ್ತು ನದಿಯನ್ನು ನೋಡಿದ. ಆಮೇಲೆ ಕೂತು ಭಾಷಣ ಕೇಳಿದ.

ಅವರ ಅಣ್ಣನಿಗೆ ಇದೊಂದೂ ನಗೆಯ ವಿಷಯವಾಗಿರಲಿಲ್ಲ. ಮನೆಯಲ್ಲಿದ್ದವು ಕುಣಿಮಗ್ಗಗಳು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಬಿಟ್ಟು ಕೂತು ನೇಯಬೇಕು. ಅದರಲ್ಲಿ ತಮ್ಮನ ಕುಣಿ ಖಾಲಿ ಬಿದ್ದಿತ್ತು. ಚಕ್ಕಡಿಯ ಬಾಡಿಗೆಗೇ ಗಳಿಕೆ ಹೋಗುವ ಧಂದೆ ಎಂಥ ಧಂದೆ ಎಂದು ಅಣ್ಣ ಕೇಳುತ್ತಿದ್ದರು. ಕಡೆಗೆ ಒಂದು ಗಡುವು ಕೊಟ್ಟರು. ಯುಗಾದಿಯೊಳಗೆ ಸ್ವಂತದ ಗಾಡಿಯೊಂದನ್ನು ಮಾಡಿಕೊಂಡರೆ ಸ್ಪೀಕರ್ ಧಂದೆ. ಇಲ್ಲವಾದರೆ ಆ ಸಾಮಾನು ಮಾರಿ ಮಗ್ಗಕ್ಕೆ ಕೂರಬೇಕು. ಕಾಕಾ ಇದನ್ನು ನನಗೆ ಹೇಳಿದಾಗ ಅವರ ದನಿ ಎಂದಿಗಿಂತಲೂ ಸಣ್ಣದಾಗಿತ್ತು.

ಸಾಹುಕಾರರು ಈ ಕತೆಗೆ ಬರುವುದು ಇಲ್ಲಿ. ಅವರು ಗದಗಿನ ಹತ್ತಿ ವ್ಯಾಪಾರಿ, ಮಾತು ಕಡಿಮೆ. ಅವರಲ್ಲಿ ಒಂದು ಹಳೆಯ ಕಪ್ಪು ಕಾರಿತ್ತು. ಮದುವೆಗೆ ಹೋದರೆ ಬೀಗರಿಗಿಂತ ಹೆಚ್ಚು ದಿನ ಅಲ್ಲಿಯೇ ನಿಲ್ಲುವಂಥ ಕಾರು. ಆ ಸುಗ್ಗಿಯಲ್ಲಿ ಐದು ಕಡೆ ಏಕೀಕರಣದ ಸಭೆ ನಿಗದಿಯಾಗಿದ್ದವು: ಗದಗ, ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ. ಐದೂ ವೇದಿಕೆಯ ಮೇಲೆ ಕೂರಬೇಕೆಂಬುದು ಸಾಹುಕಾರರ ಆಸೆ. ತಾವು ಬರುವುದಕ್ಕೆ ಮುಂಚೆ ತಮ್ಮ ಹೆಸರು ಪೇಟೆಯಲ್ಲಿ ಬರಬೇಕೆಂಬುದು ಅದಕ್ಕಿಂತ ದೊಡ್ಡ ಆಸೆ. ಕಾರಿನ ಮೇಲೆ ಕಹಳೆ ಕೂಡಿಸಿ, ಕಾರನ್ನೂ ತಾವೇ ನಡೆಸಿ, ಐದೂ ಊರಿನಲ್ಲಿ ಪುಕ್ಕಟೆ ಸಾರುವುದಾಗಿ ಕಾಕಾ ಹೇಳಿದರು. ಅದಕ್ಕೆ ಬದಲಾಗಿ ಕಡೆಗೆ ಕಾರು ತಮಗೆ ಬಿಟ್ಟುಕೊಡಬೇಕು.

ಸಾಹುಕಾರರು ಬಾಯಲ್ಲಿ ಹೌದು ಎನ್ನಲಿಲ್ಲ. ಹೆಗಲ ಮೇಲಿನ ಟಾವೆಲ್ ತೆಗೆದು ಕಾಕಾನ ಕೈ ಹಿಡಿದು ಮೇಲೆ ಹೊದಿಸಿದರು. ಹತ್ತಿ ಪೇಟೆಯಲ್ಲಿ ವ್ಯಾಪಾರ ನಡೆಯುತ್ತಿದ್ದುದೇ ಹೀಗೆ. ಟಾವೆಲ್ ಒಳಗೆ ಬೆರಳು ಒತ್ತಿ ದರ ಹೇಳುವುದು, ಬೆರಳು ಒತ್ತಿಯೇ ಒಪ್ಪುವುದು. ಸುತ್ತ ನಿಂತವರಿಗೆ ಕಾಣುವುದು ಬಟ್ಟೆ ಅಲುಗಾಡುವುದಷ್ಟೇ. ಸಾಕ್ಷಿ ಇಲ್ಲ, ಬರಹ ಇಲ್ಲ. ಆದರೆ ಒಳಗೆ ಒಪ್ಪಿದ್ದನ್ನು ಹೊರಗೆ ಇಲ್ಲ ಎಂದವನ ಕೈಯನ್ನು ಪೇಟೆಯಲ್ಲಿ ಮತ್ತೆ ಯಾರೂ ಹಿಡಿಯುತ್ತಿರಲಿಲ್ಲ. ಸಾಹುಕಾರರು ಒಂದೊಂದು ಊರಿನ ಹೆಸರನ್ನು ಕಾಕಾನ ಕಿವಿಯಲ್ಲಿ ಹೇಳಿ ಒಂದೊಂದು ಬೆರಳು ಒತ್ತಿದರು. ಮುಂಡರಗಿ ಎಂದಾಗ ಕಿರುಬೆರಳನ್ನು ಎರಡು ಸಲ ಒತ್ತಿದರು. ವ್ಯಾಪಾರ ಮುಗಿಯಿತು ಎಂಬುದಕ್ಕೆ ಅದು ಗುರುತು. ಕಾಕಾ ಸಂಜೆ ನನ್ನ ಎದುರಿಗೆ ಕೂತು ಆ ಕಿರುಬೆರಳನ್ನು ಹೊಸ ಉಂಗುರ ತೋರಿಸುವವರಂತೆ ತೋರಿಸಿದರು.

ಹತ್ತಿ ಬಿಡಿಸುವ ಜಿನ್ನಿನ ಅಂಗಳದಲ್ಲಿ ಕಾರಿಗೆ ಸ್ಪೀಕರ್ ಕೂಡಿಸುವ ಕೆಲಸ ನಡೆಯಿತು. ಕಾರಿನ ಮಾಡಿನ ಮೇಲೆ ಹಲಗೆ, ಹಲಗೆಗೆ ಎರಡು ಕಹಳೆ. ಕಹಳೆಗಳನ್ನು ಬಿಗಿದ ಹಗ್ಗದ ಗಂಟುಗಳು ಎಳೆ ಹರಿದಾಗ ಮಗ್ಗದ ಮೇಲೆ ಹಾಕುವ ಸಣ್ಣ ಗಂಟುಗಳೇ, ಗಾತ್ರ ಮಾತ್ರ ದೊಡ್ಡದು. ಇಷ್ಟಾದ ಮೇಲೆ ಸಾಹುಕಾರರಿಗೆ ಒಂದು ಕೊರತೆ ಕಂಡಿತು. ಕಾರಿನೊಳಗೆ ಕೂತರೆ ಮೇಲೆ ಗದ್ದಲ ಕೇಳುತ್ತದೆಯೇ ಹೊರತು ತಮ್ಮ ಬಗ್ಗೆ ಏನು ಹೇಳುತ್ತಾರೆ ಎಂಬುದು ತಿಳಿಯುವುದಿಲ್ಲ. ಒಳಗೂ ಒಂದು ಸ್ಪೀಕರ್ ಇಡು ಎಂದರು.

ಹಳೆಯ ರೇಡಿಯೋದಿಂದ ತೆಗೆದ ಸ್ಪೀಕರ್ ಒಂದು ಕಾಕಾನ ಹತ್ತಿರ ಇತ್ತು. ಅದರ ಹರಿದ ಕಾಗದವನ್ನು ಮನೆಯ ಗಂಜಿಯಿಂದಲೇ ಅಂಟಿಸಿದ್ದರು. ಅದನ್ನು ಮುಂದಿನ ಸೀಟಿನ ಬೆನ್ನಿಗೆ, ಸಾಹುಕಾರರ ಮೊಣಕಾಲಿನ ಎದುರಿಗೆ ಕೂಡಿಸಿ, ತಮ್ಮ ಮನೆಯಲ್ಲಿ ನೇಯ್ದ ಬಟ್ಟೆಯ ತುಂಡನ್ನು ಮೇಲೆ ಬಿಗಿದರು. ಸೀಟಿಗೆ ತೂತು ಹೊಡೆಯುವಾಗ ಸಾಹುಕಾರರು ಗಾಬರಿಯಾಗಿ, ಗಾಡಿ ಕೆಡಿಸಬೇಡ ಎಂದರು.

"ನನ್ನ ಗಾಡಿಗೆ ನಾನ ತೂತ ಹೊಡಕೊಂಡಂಗ ಆತಲ್ರಿ" ಎಂದರು ಕಾಕಾ.

ಸಾಹುಕಾರರು ನಗಲಿಲ್ಲ. ದಿವಾನಜಿಯ ಮುಖ ನೋಡಿದರು. ದಿವಾನಜಿ ಎಂದರೆ ಅವರ ಲೆಕ್ಕ ನೋಡುವ ಗುಮಾಸ್ತ. ಆತ ನೆಲ ನೋಡಿದ. ಕಾಕಾ ಇಬ್ಬರನ್ನೂ ನೋಡಿ, ಏನೂ ಕಾಣದವರಂತೆ ಮೊಳೆ ಹುಡುಕಿದರು. ಕೆಲಸ ಮುಗಿಸಿ ಹೊರಗೆ ಬಂದಾಗ ನನಗೆ ಹೇಳಿದ್ದು ಇಷ್ಟು: "ತಮ್ಮಾ, ಕಿರುಬೆರಳ ಯಾಕೋ ನೋಯಾಕತ್ತೈತಿ."

ಆ ಸ್ಪೀಕರಿನ ಒಂದು ಗುಣವನ್ನು ಇಲ್ಲಿ ಹೇಳಬೇಕು. ಅಂಥ ಸ್ಪೀಕರ್ ಮಾತಾಡುವಂತೆಯೇ ಕೇಳಿಸಿಕೊಳ್ಳಲೂ ಬಲ್ಲದು. ತಂತಿಯನ್ನು ತಿರುವಿ ಕೂಡಿಸಿದರೆ ಅದೇ ಮೈಕು. ಕಾಕಾ ಮನೆಯಲ್ಲಿ ಮಗ್ಗದ ಕೋಣೆಗೂ ಅಡುಗೆಮನೆಗೂ ಹೀಗೆ ಎರಡು ಸ್ಪೀಕರ್ ಕೂಡಿಸಿದ್ದರು. ಅಣ್ಣ ಕೂತಲ್ಲಿಂದಲೇ ಚಹಾ ಕೇಳಲಿ ಎಂದು ಹೇಳಿ ಹಾಕಿದ್ದು. ಅಣ್ಣ ಮಗ್ಗದ ಮೇಲೆ ಕೂತು ಅತ್ತಿಗೆಯ ತವರಿನವರ ಬಗ್ಗೆ ಆಡಿದ ಮಾತು ಅಡುಗೆಮನೆಗೆ ಕೇಳಿದ್ದು ಬೇರೆ ಸಂಗತಿ. ಅಂದು ಚಹಾ ಬರಲಿಲ್ಲ.

ಗದಗ, ಬೆಟಗೇರಿ ಸಭೆಗಳು ಚೆನ್ನಾಗಿ ಆದವು. ಲಕ್ಷ್ಮೇಶ್ವರದ ದಾರಿಯಲ್ಲಿ ನಾನೂ ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದೆ. ಸಭೆಗೆ ಹೋಗಲು ನನಗೂ ಬೇರೆ ಗಾಡಿ ಇರಲಿಲ್ಲ. ಕಾಕಾ ಒಂದು ಕೈಯಲ್ಲಿ ಸ್ಟೇರಿಂಗ್, ಒಂದು ಕೈಯಲ್ಲಿ ಮೈಕು ಹಿಡಿದು ಸಾಹುಕಾರರ ಗುಣಗಾನ ಮಾಡುತ್ತಿದ್ದರು. ಸಾಹುಕಾರರು ಒಳಗಿನ ಸ್ಪೀಕರಿಗೆ ಕಿವಿಗೊಟ್ಟು, ದಾನಶೂರ ಎಂಬುದನ್ನು ಎರಡು ಸಲ ಅನ್ನು ಎಂದು ತಿದ್ದಿದರು. ಕಾಕಾ ಮೂರು ಸಲ ಅಂದರು. ಆ ದಾರಿಯ ಬಗ್ಗೆ ಅವರಿಗೆ ಒಂದು ತಮಾಷೆ ಇತ್ತು. ಸ್ವಾತಂತ್ರ್ಯಕ್ಕೆ ಮುಂಚೆ ಲಕ್ಷ್ಮೇಶ್ವರಕ್ಕೆ ಒಬ್ಬ ರಾಜ, ಶಿರಹಟ್ಟಿಗೆ ಇನ್ನೊಬ್ಬ ರಾಜ. ಒಂದೇ ಕಹಳೆಗೆ ಇಬ್ಬರ ಅಪ್ಪಣೆ ಬೇಕಿತ್ತು. ಈಗ ರಾಜರು ಹೋಗಿ ಸಾಹುಕಾರರು ಉಳಿದಿದ್ದಾರೆ ಎಂದು ನನಗಷ್ಟೇ ಕೇಳುವಂತೆ ಹೇಳಿದರು.

ಮುಂಡರಗಿಯ ಸಭೆ ಪೇಟೆಯ ಬಯಲಿನಲ್ಲಿತ್ತು. ಹತ್ತಿ ಸುಗ್ಗಿಯ ಕಾಲ. ಸಿಂಗಟಾಲೂರು, ಕೊರ್ಲಹಳ್ಳಿ ಕಡೆಯಿಂದ ಹತ್ತಿ ತಂದವರು ಚಕ್ಕಡಿ ಬಿಟ್ಟು ಅಲ್ಲಿಯೇ ಕೂತಿದ್ದರು. ಮುಂದಿನ ಜಮಖಾನೆಯ ಮೇಲೆ ಪೇಟೆಯ ದಲಾಲರು, ಎಲ್ಲರ ಹೆಗಲ ಮೇಲೂ ಟಾವೆಲ್. ಸಭೆಗಳಲ್ಲಿ ಕಹಳೆಗಳನ್ನು ಕಾರಿನಿಂದ ಇಳಿಸಿ ಬಯಲಿನ ಕಂಬಗಳಿಗೆ ಕಟ್ಟುತ್ತಿದ್ದರು. ಆಂಪ್ಲಿಫೈಯರ್ ಮಾತ್ರ ಕಾರಿನಲ್ಲೇ ಉಳಿಯುತ್ತಿತ್ತು. ಅಂದು ಕಾರು ಹತ್ತಿ ತುಂಬಿದ ಗೋದಾಮಿನ ಹಿಂದೆ, ಬೇವಿನ ನೆರಳಿನಲ್ಲಿ ನಿಂತಿತ್ತು. ಅಧ್ಯಕ್ಷರು ಬರುವುದು ತಡವಾದ್ದರಿಂದ ಸಾಹುಕಾರರೂ ದಿವಾನಜಿಯೂ ಹಿಂದಿನ ಸೀಟಿನಲ್ಲಿ, ಧೂಳಿಗೆ ಗಾಜು ಏರಿಸಿಕೊಂಡು ಕೂತಿದ್ದರು. ಕಾಕಾ ವೈರು ನೋಡಿಬರುತ್ತೇನೆ ಎಂದು ಇಳಿದು ಬಂದು, ವೇದಿಕೆಯ ಪಕ್ಕದಲ್ಲಿ ನನ್ನ ಹತ್ತಿರ ಕೂತರು. ಕೂತು ಕಡ್ಡಿಯಿಂದ ಚಪ್ಪಲಿಯ ಮಣ್ಣು ಕೆರೆಯತೊಡಗಿದರು.

ಕಹಳೆಯಲ್ಲಿ ಮೊದಲು ಬಂದದ್ದು ಒಂದು ಕೆಮ್ಮು. ಆಮೇಲೆ ದಿವಾನಜಿಯ ದನಿ.

"ನಾಳೆ ಗದಗಕ್ಕ ಹೋದ ಮ್ಯಾಲ ಗಾಡಿ ಕೀಲಿ ಅವ್ರ ಕೈಯಾಗ ಕೊಡೂದೇನ್ರಿ?"

"ಹುಚ್ಚ ಹಿಡದೈತೇನ ನಿನಗ? ಗಾಡಿ ಅಳ್ಯಾಗ ಕೊಡತೀನಂತ ಹೇಳೀನಿ. ನಾಳೆ ಅಂವನ ಸಾಮಾನ ಕಿತ್ತ ಕೊಟ್ಟ ಕಳಿಸು."

"ಟಾವೆಲ್ ಒಳಗ ಕೈ ಕೊಟ್ಟಿದ್ರಲ್ರಿ."

"ಕೊಟ್ಟೆ. ಯಾರ ನೋಡ್ಯಾರ? ಅಂವೇನ ಹತ್ತಿ ವ್ಯಾಪಾರದಾಂವನ?"

ಆ ದನಿ ಯಾರದೆಂದು ದಲಾಲರಿಗೆ ಯಾರೂ ಹೇಳಬೇಕಿರಲಿಲ್ಲ. ಅರ್ಧ ಸುಗ್ಗಿ ಅವರ ಕೂಡ ಕೈ ಹಿಡಿದವರು. ಮುಂದಿನ ಸಾಲಿನಲ್ಲಿದ್ದ ಹಿರಿಯ ದಲಾಲರೊಬ್ಬರು ಹೆಗಲ ಮೇಲಿನ ಟಾವೆಲ್ ತೆಗೆದರು. ಅದನ್ನು ನಾಲ್ಕು ಮಡಿಕೆ ಮಾಡಿ ಕೆಳಗೆ ಹಾಕಿ, ಅದರ ಮೇಲೆ ಕೂತರು. ಪಕ್ಕದವರೂ ಹಾಗೆಯೇ ಮಾಡಿದರು. ಸ್ವಲ್ಪ ಹೊತ್ತಿನಲ್ಲಿ ಇಡೀ ಜಮಖಾನೆಯ ಮೇಲೆ ಒಂದು ಹೆಗಲಿನ ಮೇಲೂ ಟಾವೆಲ್ ಇರಲಿಲ್ಲ.

ಕಾಕಾ ಕಡ್ಡಿ ಎಸೆದು ಎದ್ದರು. ಅವಸರ ಮಾಡದೆ ಗೋದಾಮಿನ ಹಿಂದೆ ಹೋದರು. ಕಾರಿನ ಬಾಗಿಲು ತೆರೆದ ಸದ್ದೂ ನಮಗೆ ಕಹಳೆಯಲ್ಲಿ ಕೇಳಿಸಿತು.

"ಸಾಹುಕಾರ್ರ, ಸ್ವಲ್ಪ ಸಾವಕಾಶ ಮಾತಾಡ್ರಿ. ಕೊರ್ಲಹಳ್ಳಿಗೆ ಕೇಳಸಾಕತ್ತೈತಿ."

"ಏನ ಕೇಳಸಾಕತ್ತೈತಿ?"

"ಈಗಂದದ್ದೂ ಕೇಳಸ್ತು ನೋಡ್ರಿ."

ಬಯಲಿನಲ್ಲಿ ಎದ್ದ ನಗೆ ಗೋದಾಮನ್ನು ದಾಟಿ ಸಾಹುಕಾರರಿಗೂ ತಲುಪಿರಬೇಕು. ದಲಾಲರು ಮಾತ್ರ ನಗಲಿಲ್ಲ.

ಸಾಹುಕಾರರು ವೇದಿಕೆಗೆ ಬರಲಾರರು ಎಂದು ನಾನು ಎಣಿಸಿದ್ದೆ. ಅವರು ಬಂದರು. ಮೆಟ್ಟಿಲ ಹತ್ತಿರ ನಿಂತು ಜಮಖಾನೆಯ ಕಡೆ ನೋಡಿದರು. ಮಡಿಚಿ ಕೆಳಗೆ ಹಾಕಿದ ಟಾವೆಲ್‌ಗಳನ್ನು ಅವರು ಓದಿದಷ್ಟು ಚೆನ್ನಾಗಿ ಆ ಬಯಲಿನಲ್ಲಿ ಬೇರೆ ಯಾರೂ ಓದುವಂತಿರಲಿಲ್ಲ. ಅಂದು ಮಾತು ಉಳಿಸಿಕೊಳ್ಳದಿದ್ದರೆ ಮರುದಿನದಿಂದ ಮುಂಡರಗಿಯಲ್ಲಿ, ಅದರ ಮರುದಿನದಿಂದ ಗದಗಿನಲ್ಲಿ, ಅವರ ಕೈ ಬರಿದಾಗಿಯೇ ಇರುತ್ತಿತ್ತು. ಅವರ ಸರದಿ ಬಂದಾಗ ಮೈಕಿನ ಮುಂದೆ ನಿಂತು ಕನ್ನಡ ನಾಡು ಒಂದಾಗಬೇಕು ಎಂದರು. ಇಷ್ಟು ದಿನ ಬರೆಸಿಕೊಂಡು ಓದುತ್ತಿದ್ದ ಭಾಷಣವನ್ನು ಅಂದು ಕಿಸೆಯಿಂದ ಹೊರಗೆ ತೆಗೆಯಲೇ ಇಲ್ಲ. ಆಮೇಲೆ, "ಐದೂ ಊರು ಮುಗದಾವು. ಗಾಡಿ ಇನ್ನ ಅವರದು" ಎಂದರು. ಕೀಲಿಯನ್ನು ಎಲ್ಲರಿಗೂ ಕಾಣುವಂತೆ ಮೇಲೆ ಹಿಡಿದು ಕಾಕಾನ ಕೈಗೆ ಕೊಟ್ಟು ಹೋಗಿ ಕೂತರು. ನಾಡಿನ ಮಾತಿಗಿಂತ ಕೀಲಿಗೆ ಚಪ್ಪಾಳೆ ಜಾಸ್ತಿ ಬಿದ್ದವು. ಹಿರಿಯ ದಲಾಲರು ಟಾವೆಲ್ ಎಳೆದು, ಝಾಡಿಸಿ, ಹೆಗಲ ಮೇಲೆ ಹಾಕಿಕೊಂಡರು.

ಸಾಹುಕಾರರಿಗೆ ನ್ಯಾಯ ಸಲ್ಲಬೇಕಾದರೆ ಇದನ್ನೂ ದಾಖಲಿಸಬೇಕು: ಗೋದಾಮಿನ ಹಿಂದಿನಿಂದ ಆ ವೇದಿಕೆಯವರೆಗೆ ಅಂದು ನಡೆದುಬರುವುದು ಸುಲಭದ ಕೆಲಸವಾಗಿರಲಿಲ್ಲ. ಅವರೂ ದಿವಾನಜಿಯೂ ಅಂದು ಒಂದು ಹತ್ತಿ ಚಕ್ಕಡಿ ಹತ್ತಿ ಗದಗಿಗೆ ಮರಳಿದರು. ಮುಂದೆಯೂ ಅವರ ವ್ಯಾಪಾರ ಚೆನ್ನಾಗಿಯೇ ನಡೆಯಿತು. ಯಾರ ಕಾರಿನಲ್ಲಿ ಕೂತರೂ ಇಳಿಯುವ ತನಕ ಒಂದು ಮಾತೂ ಆಡುತ್ತಿರಲಿಲ್ಲ ಎಂದು ಮಾತ್ರ ಕೇಳಿದ್ದೇನೆ.

ನನ್ನ ವರದಿಯಲ್ಲಿ ಭಾಷಣಗಳ ಸಾರಾಂಶ ಅಚ್ಚಾಯಿತು, ಕಡೆಗೆ "ಧ್ವನಿವರ್ಧಕದ ವ್ಯವಸ್ಥೆ ಅಚ್ಚುಕಟ್ಟಾಗಿತ್ತು" ಎಂಬ ಸಾಲೂ ಬಂತು. ಉಳಿದದ್ದನ್ನು ಸಂಪಾದಕರು ಸುದ್ದಿಯಲ್ಲ ಎಂದು ತೆಗೆದರು. ಕಾಕಾ ಆ ಸಾಲನ್ನು ಕತ್ತರಿಸಿ ಆಂಪ್ಲಿಫೈಯರಿನ ಪೆಟ್ಟಿಗೆಗೆ ಅಂಟಿಸಿಕೊಂಡರು.

ತಂತಿ ತಿರುವಿದ್ದು ಬೇಕೆಂದೋ, ಕೈತಪ್ಪಿಯೋ? ಇದನ್ನು ನಾನು ಹಲವು ಸಲ ಕೇಳಿದ್ದೇನೆ. ಒಮ್ಮೆ, ಚಕ್ಕಡಿ ಬಿಟ್ಟ ಮೇಲೆ ಕೈ ಅಭ್ಯಾಸ ತಪ್ಪಿತ್ತು ಎಂದರು. ಒಮ್ಮೆ ಇಲಿಯ ಮೇಲೆ ಹಾಕಿದರು. ಬಹಳ ವರ್ಷಗಳ ಮೇಲೆ, ವಯಸ್ಸಾಗಿ ಸಾಮಾನು ಮಾರಿದ ದಿನ, ಬಾಗು ಎಂದು ಸನ್ನೆ ಮಾಡಿ ಕಿವಿಯಲ್ಲಿ ಹೇಳಿದರು. ಶಿರಹಟ್ಟಿಯಲ್ಲಿಯೂ ತಿರುವಿದ್ದರಂತೆ. ಅಲ್ಲಿ ಸಾಹುಕಾರರು ನಿದ್ದೆ ಹೋಗಿದ್ದರು. ಸಭೆ ಶುರುವಾಗುವ ತನಕ ಊರಿಗೆಲ್ಲ ಅವರ ಗೊರಕೆ ಕೇಳಿಸಿತು. ಜನ ಮಶೀನು ಕೆಟ್ಟಿದೆ ಎಂದುಕೊಂಡು ಕಾಕಾನಿಗೆ ಬೈದರು. "ಸುಮ್ಮನ ಬೈಸಿಕೊಂಡೆ ತಮ್ಮಾ. ನನ್ನ ಮಗ್ಗದ ಕುಣಿ ಅಂವನ ಬಾಯಾಗ ಇತ್ತು."

ಮುಂಡರಗಿಯ ಸಭೆಯ ಮರುದಿನ ಬೆಳಿಗ್ಗೆ ನಾವಿಬ್ಬರೇ ಕಾರಿನಲ್ಲಿ ಬೆಟಗೇರಿಗೆ ಬಂದೆವು. ಯುಗಾದಿಗೆ ಇನ್ನೂ ದಿನಗಳಿದ್ದವು. ಅವರ ಓಣಿಯ ಬಾಯಿಯಲ್ಲಿ ಕಾರು ನಿಲ್ಲಬೇಕಾಯಿತು. ನೇಕಾರರು ಬಿಸಿಲೇರುವ ಮುಂಚೆ ಓಣಿಯುದ್ದಕ್ಕೂ ಹಾಸಿನ ನೂಲ ಎಳೆಗಳನ್ನು ಎಳೆದು ಕಟ್ಟಿ ಗಂಜಿ ಹಚ್ಚುತ್ತಿದ್ದರು. ಒಂದು ತುದಿಯಿಂದ ಇನ್ನೊಂದು ತುದಿಯ ತನಕ ಒದ್ದೆ ನೂಲು. ಅಣ್ಣ ಕುಂಚ ಹಿಡಿದು ನಡುವೆ ನಿಂತಿದ್ದರು. ಕಾರಿನ ಸದ್ದಿಗೆ ತಲೆ ಎತ್ತಲಿಲ್ಲ.

"ಯಾರ ಗಾಡಿ?" ಎಂದರು.

"ನಮ್ಮದು" ಎಂದರು ಕಾಕಾ. ಅಷ್ಟು ಗಟ್ಟಿಯಾಗಿ, ಮೈಕು ಇಲ್ಲದೆ ಅವರು ಮಾತಾಡಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

ಅಣ್ಣ ಕುಂಚವನ್ನು ಗಂಜಿಯ ಬೋಗುಣಿಯಲ್ಲಿಟ್ಟು ಬಂದರು. ಕಾರನ್ನು ಒಂದು ಸುತ್ತು ಹಾಕಿದರು. ಸೀಟಿನ ಬೆನ್ನಿನ ಮೇಲೆ ತಮ್ಮ ಮನೆಯ ಬಟ್ಟೆ ಕಂಡು ಅದನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿದರು. ಕಡೆಗೆ ಮಾಡಿನ ಮೇಲಿನ ಕಹಳೆಗಳನ್ನು ನೋಡಿ, "ಇವನ್ನ ಇಳಸು. ಎಳಿ ಹರದಾವು" ಎಂದರು.

ಕಾಕಾ ಮೇಲೆ ಹತ್ತಿ ಕಹಳೆ ಬಿಚ್ಚಿದರು. ಒಂದನ್ನು ನನ್ನ ತೊಡೆಯ ಮೇಲಿಟ್ಟರು, ಒಂದನ್ನು ಹಿಂದಿನ ಸೀಟಿನಲ್ಲಿ. ಓಣಿಯ ಗಂಡಸರು, ಹೆಂಗಸರು ಎರಡೂ ಕಡೆ ನಿಂತು ಹಾಸನ್ನು ಕೈಚಾಚಿ ತಲೆಯ ಮೇಲಕ್ಕೆ ಎತ್ತಿ ಹಿಡಿದರು. ತೂತಿನ ಧೋತರದ ಬಗ್ಗೆ ನಕ್ಕವರೂ ಅವರಲ್ಲಿದ್ದರು. ಕಾರು ಆ ನೂಲಿನ ಕೆಳಗೆ ಹೊರಟಿತು. ಗಂಜಿಯ ಹನಿಗಳು ಗಾಜಿನ ಮೇಲೆ ಬೀಳುತ್ತಿದ್ದವು. ಅಣ್ಣ ಕಾರಿನ ಎದುರಿಗೆ ನಿಂತು ಹಿಂದಕ್ಕೆ ಹೆಜ್ಜೆ ಹಾಕುತ್ತ, ಬಾ ಬಾ ಎಂದು ಕೈಸನ್ನೆ ಮಾಡುತ್ತ ಮನೆಯ ಬಾಗಿಲ ತನಕ ಕರೆದೊಯ್ದರು. ಅಲ್ಲಿ ಕಾರಿನ ಕಿಟಕಿಗೆ ಬಾಗಿ, ತಮ್ಮನ ಮುಖ ನೋಡದೆ ಹೇಳಿದರು:

"ನಿನ್ನ ಕುಣಿ ಮ್ಯಾಲ ಹಲಗಿ ಬಡಸ್ತೇನಿ. ಬ್ಯಾಟರಿ ಇಡಾಕ ಜಾಗಾ ಆಕ್ಕೈತಿ."